ಸೆಕೆಯ ಊರಿನಲ್ಲಿ ಉಣ್ಣೆಯ ಹೆಣಿಗೆ

ಮಂಗಳೂರಿನಲ್ಲಿ ಉಣ್ಣೆಯ ಅಂಗಿ ಹೆಣೆಯುವವರಿದ್ದಾರೆ ಎಂದರೆ ಘಟ್ಟದ ಮೇಲಿನ ಮಿತ್ರರು ನಗುವುದು ಸಹಜವೇ ಆಗಿದೆ. ಧನುರ್ಮಾಸದ ಮುಂಜಾನೆ ನಾವು ಚಳಿ ಚಳಿ ಎಂದು ಕೈ ಹೊಸೆಯುವಾಗಲೂ ಉಷ್ಣಮಾಪಕವು ಇಪ್ಪತ್ತು ಡಿಗ್ರಿಯಿಂದ ಬಹಳವಾಗಿ ಕೆಳಗಿಳಿದಿರುವುದಿಲ್ಲ. ಸೂರ್ಯನು ಎರಡು ಮಾರು ಮೇಲೇರಿದನೆಂದರೆ ಬೆನ್ನಿನ ಮೇಲೆ ಬೆವರು. ಉಳಿದ ತಿಂಗಳುಗಳೆಲ್ಲ ಸೆಕೆ, ಇಲ್ಲವೆ ಮಳೆ. ಇಂತಹ ಊರಿನಲ್ಲಿ, ಅದರಲ್ಲಿಯೂ ಹಂಚಿನ ಮನೆಗಳ ನಡುವೆ ಬಹುಮಹಡಿಯ ಕಟ್ಟಡಗಳೆದ್ದು ಕಡಲಗಾಳಿಯೂ ಸುತ್ತಿ ಬಳಸಿ ಬರಬೇಕಾಗಿರುವ ಅತ್ತಾವರದಲ್ಲಿ, ಜಗಲಿಯ ಮೇಲೆ ಕುಳಿತು ಉಣ್ಣೆಯ ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು ಎರಡು ಕಡ್ಡಿಗಳನ್ನು ಆಡಿಸುತ್ತಿರುವ ಗೃಹಿಣಿಯನ್ನು ಕಂಡರೆ, ಈ ಶ್ರಮವೆಲ್ಲ ಯಾರಿಗಾಗಿ ಎಂಬ ಪ್ರಶ್ನೆ ಏಳದೆ ಇರದು.

ಉತ್ತರ ಬಹಳ ದೂರವಿಲ್ಲ. ಅತ್ತಾವರದ ಮಗ್ಗುಲಿಗೇ ರೈಲು ನಿಲ್ದಾಣವಿದೆ. 1907ರಲ್ಲಿ ಇಲ್ಲಿಗೆ ರೈಲು ಬಂದಿತು. 1998ರಲ್ಲಿ ಕೊಂಕಣ ರೈಲುಮಾರ್ಗವು ತೆರೆದು ಮುಂಬಯಿ ಹತ್ತಿರವಾಯಿತು. ಬಂದ ರೈಲು ಊರಿಗೆ ತಂದುದಕ್ಕಿಂತ ಊರಿನಿಂದ ಒಯ್ದುದೇ ಹೆಚ್ಚೆಂದು ಇಲ್ಲಿಯ ಹಿರಿಯರು ಹೇಳುವುದುಂಟು. ಮಗನು ದೆಹಲಿಯಲ್ಲಿ ಉದ್ಯೋಗದಲ್ಲಿರುವನು. ಮಗಳನ್ನು ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಗೆ ಕೊಟ್ಟಿದೆ. ಮೊಮ್ಮಕ್ಕಳು ಕೆನಡಾದಲ್ಲಿ ಹಿಮ ತುಳಿದು ಶಾಲೆಗೆ ಹೋಗುವರು. ಹೀಗಿರಲು, ಈ ಊರಿನಲ್ಲಿ ಹೆಣೆದ ಸ್ವೆಟರು ಬಹುಮಟ್ಟಿಗೆ ಈ ಊರಿನಲ್ಲಿಲ್ಲದವರ ಸ್ವೆಟರು. ಸಿಮ್ಲಾದ ತಾಯಿ ತನ್ನ ಎದುರಿಗೆ ಕುಳಿತ ಹುಡುಗನ ಬೆನ್ನಿಗೆ ಹೆಣಿಗೆಯನ್ನು ಹಿಡಿದು ನೋಡಬಲ್ಲಳು. ಅತ್ತಾವರದ ಅಜ್ಜಿ ಹಿಡಿದು ನೋಡುವುದು ತನ್ನ ನೆನಪಿಗೆ. ಈ ಕಸಬಿನ ಸುಖವೂ ಅವಘಡಗಳೂ ಬಹುಪಾಲು ಇಲ್ಲಿಂದಲೇ ಹುಟ್ಟುವುವು.

ಮೊದಲು ಮಾತಿನ ವಿಚಾರವನ್ನು ಸ್ವಲ್ಪ ನೋಡೋಣ. ಕನ್ನಡದಲ್ಲಿ ನೇಯುವುದು ಬೇರೆ, ಹೆಣೆಯುವುದು ಬೇರೆ. ಹಾಸು ಹೊಕ್ಕು ಎಂಬ ಎರಡು ನೂಲುಗಳು ಒಂದನ್ನೊಂದು ಅಡ್ಡ ದಾಟಿದರೆ ಅದು ನೇಯ್ಗೆ. ಅದಕ್ಕೆ ಮಗ್ಗ ಬೇಕು. ನಾವು ಜಡೆ ಹೆಣೆಯುತ್ತೇವೆ, ತೆಂಗಿನ ಮಡಲು ಹೆಣೆಯುತ್ತೇವೆ, ಚಾಪೆ ಹೆಣೆಯುತ್ತೇವೆ. ಉಳ್ಳಾಲ ಬೆಂಗರೆಗಳ ಮೊಗವೀರರು ಬಲೆ ಹೆಣೆಯುತ್ತಾರೆ. ಸ್ವೆಟರಿನ ಕೆಲಸ ಈ ಎರಡನೆಯ ಕುಲಕ್ಕೆ ಸೇರಿದ್ದು. ಆದರೆ ಬಲೆಗೂ ಇದಕ್ಕೂ ಒಂದು ಮುಖ್ಯವಾದ ಭೇದವುಂಟು. ಬಲೆಯ ಪ್ರತಿಯೊಂದು ಕಣ್ಣಿಗೂ ಗಂಟು ಇರುತ್ತದೆ. ಒಂದು ಕಣ್ಣು ಹರಿದರೆ ಪಕ್ಕದ ಕಣ್ಣು ಭದ್ರವಾಗಿರುತ್ತದೆ. ಸ್ವೆಟರಿನಲ್ಲಿ ಗಂಟೇ ಇಲ್ಲ. ಒಂದೇ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ; ಮೇಲಿನ ಕುಣಿಕೆಯು ಕೆಳಗಿನದನ್ನು ಹಿಡಿದಿರುತ್ತದೆ, ಅದನ್ನು ಅದರ ಮೇಲಿನದು. ಎಲ್ಲಕ್ಕೂ ಮೇಲಿನ ಸಾಲನ್ನು ಹಿಡಿದಿರುವುದು ಕಡ್ಡಿ ಮಾತ್ರ. ಕಡ್ಡಿ ಜಾರಿತೋ, ತಿಂಗಳ ಕೆಲಸವೂ ಒಂದು ಎಳೆತಕ್ಕೆ ಮತ್ತೆ ನೂಲಾಗಬಲ್ಲದು. ಈ ಗುಣವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವೂ ಬರುವುದು.

ಇದು ಹೆಂಗಸರ ಕೆಲಸವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಚರಿತ್ರೆಯು ಹಾಗೆ ಹೇಳುವುದಿಲ್ಲ. ಈಜಿಪ್ಟಿನಲ್ಲಿ ಸುಮಾರು ಹನ್ನೊಂದರಿಂದ ಹದಿನಾಲ್ಕನೆಯ ಶತಮಾನಗಳ ನಡುವಿನ, ನೀಲಿ ಬಿಳಿಯ ಹತ್ತಿ ನೂಲಿನಿಂದ ಹೆಣೆದ ಕಾಲುಚೀಲಗಳ ತುಣುಕುಗಳು ದೊರೆತಿವೆ. ಸಿಕ್ಕಿರುವ ನಿಜವಾದ ಹೆಣಿಗೆಗಳಲ್ಲಿ ಅವು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತವೆ. ಯುರೋಪಿನ ನಗರಗಳಲ್ಲಿ ಹೆಣಿಗೆಯವರ ವೃತ್ತಿಸಂಘಗಳು ನಡೆಯುತ್ತಿದ್ದಾಗ ಅವುಗಳಲ್ಲಿ ಪಳಗಿದ ಕುಶಲಿಗಳು ಗಂಡಸರು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿಯು ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದನು. ಕೈಕೆಲಸದವರ ಅನ್ನ ಹೋದೀತೆಂದು ಎಲಿಜಬೆತ್ ರಾಣಿಯು ಅವನಿಗೆ ಹಕ್ಕುಪತ್ರವನ್ನು ಕೊಡಲಿಲ್ಲವೆಂದು ಪ್ರತೀತಿ. ಯಂತ್ರವು ರಾಣಿಯ ಮಾತಿಗಾಗಿ ನಿಲ್ಲಲಿಲ್ಲ. ಕೈಹೆಣಿಗೆಯೂ ಯಂತ್ರದ ದೆಸೆಯಿಂದ ಸಾಯಲಿಲ್ಲ. ಇನ್ನೊಂದು ಹೆಸರು ನಮ್ಮ ದೇಶಕ್ಕೆ ಪರಿಚಿತವಾದುದು. 1902ರಿಂದ 1909ರ ವರೆಗೆ ಭಾರತದ ಸೇನಾಧಿಪತಿಯಾಗಿದ್ದ ಲಾರ್ಡ್ ಕಿಚನರನ ಹೆಸರು ಇಂದಿಗೂ ಹೆಣಿಗೆಯ ಪುಸ್ತಕಗಳಲ್ಲಿ ಉಳಿದಿದೆ. ಕಾಲುಚೀಲದ ಬೆರಳ ತುದಿಯನ್ನು ಹೊಲಿಗೆಯ ಏಣು ಒತ್ತದಂತೆ ಕೂಡಿಸುವ ಬಗೆಗೆ ಕಿಚನರನ ಹೊಲಿಗೆ ಎಂದು ಹೆಸರು. ಅವನೇ ಅದನ್ನು ಕಂಡುಹಿಡಿದನೆಂಬುದು ಕಥೆಯಿರಬಹುದು. ಕಂದಕಗಳಲ್ಲಿ ನಿಂತ ಸೈನಿಕರ ಹೆಬ್ಬೆರಳಿಗೆ ಏಣು ಒತ್ತುತ್ತಿದ್ದುದು ಕಥೆಯಲ್ಲ.

ನಮ್ಮ ಕರಾವಳಿಗೆ ಕಡ್ಡಿಯ ಹೆಣಿಗೆಯು ಶಾಲೆಯ ಬಾಗಿಲಿನಿಂದ ಪ್ರವೇಶಿಸಿತು ಎನ್ನಬಹುದು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರ ಮಗ್ಗದ ಕಾರ್ಖಾನೆಯೂ, 1865ರಲ್ಲಿ ಅತ್ತಾವರದ ನೆರೆಯ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆಯೂ ಎಲ್ಲರಿಗೂ ತಿಳಿದವು. ಖಾಕಿಯ ಬಣ್ಣವು ಹುಟ್ಟಿದ್ದೇ ಆ ಮಗ್ಗದ ಮನೆಯಲ್ಲಿ, ಹಾಲರ್ ಎಂಬವರ ಕೈಯಲ್ಲಿ, ಎಂದು ಊರಿನವರ ಅಭಿಮಾನ. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂನ್ಯಾಸಿನಿಯರು ಬಂದು ಸಂತ ಆ್ಯನ್ನರ ಕಾನ್ವೆಂಟನ್ನು ತೆರೆದರು. ಮಿಷನ್ ಶಾಲೆಗಳಲ್ಲಿಯೂ ಕಾನ್ವೆಂಟುಗಳಲ್ಲಿಯೂ ಹುಡುಗಿಯರಿಗೆ ಓದುಬರಹದ ಜೊತೆಗೆ ಸೂಜಿಯ ಕೆಲಸವನ್ನು ಕಲಿಸುವುದು ಆ ಕಾಲದ ಪದ್ಧತಿ. ನೂಲನ್ನು ಬಲಗೈಯಿಂದ ಕಡ್ಡಿಗೆ ಸುತ್ತುವುದು ಇಂಗ್ಲಿಷರ ಕ್ರಮ. ಎಡಗೈಯ ತೋರುಬೆರಳಿನ ಮೇಲೆ ಹಾಯಿಸಿ ಕಡ್ಡಿಯಿಂದ ಎತ್ತಿಕೊಳ್ಳುವುದು ಜರ್ಮನರ ಕ್ರಮ. ಎರಡನೆಯದರಲ್ಲಿ ಕೈಯ ಅಲುಗಾಟ ಕಡಿಮೆ, ವೇಗ ಹೆಚ್ಚು. ಆದರೆ ಒಂದು ಕೈಗೆ ಅಭ್ಯಾಸವಾದುದನ್ನು ಇನ್ನೊಂದಕ್ಕೆ ಬದಲಾಯಿಸುವುದು ಮಾತೃಭಾಷೆಯನ್ನು ಬಿಟ್ಟು ಬೇರೆ ಭಾಷೆಯಲ್ಲಿ ಜಗಳವಾಡಿದಷ್ಟು ಕಷ್ಟ.

ಅದಕ್ಕೆ ಮುಂಚೆ ಕನ್ನಡ ನಾಡಿನಲ್ಲಿ ಉಣ್ಣೆಯೇ ಇರಲಿಲ್ಲವೆಂದಲ್ಲ. ಚಳ್ಳಕೆರೆಯ ಕಡೆಯ ಕುರುಬರು ಕರಿಕುರಿಯ ತುಪ್ಪಟವನ್ನು ನೂತು, ಹುಣಸೆಬೀಜದ ಗಂಜಿ ಕೊಟ್ಟು, ಮಗ್ಗದಲ್ಲಿ ನೇಯುವ ಕಂಬಳಿ ಕರಾವಳಿಗೂ ಇಳಿದು ಬರುತ್ತಿತ್ತು. ಮಳೆಗಾಲದ ಗದ್ದೆಯಲ್ಲಿ ಹೆಂಗಸರ ಬೆನ್ನಿಗೆ ಗೊರಬು, ಗಂಡಸರ ತಲೆಗೆ ಕಂಬಳಿಯ ಕೊಪ್ಪೆ; ಇದು ನಮ್ಮ ಅಜ್ಜಂದಿರು ಕಂಡ ನೋಟ. ದಖನಿನ ಕುರಿಯ ಉಣ್ಣೆ ಒರಟು. ಮಳೆಯನ್ನೂ ಮುಳ್ಳನ್ನೂ ಅದು ತಡೆಯುತ್ತದೆ, ಆದರೆ ಬರಿಯ ಕೊರಳಿಗೆ ತಾಗಿದರೆ ಅರ್ಧ ಗಂಟೆ ತಾಳುವುದು ಕಷ್ಟ. ಮೈಗೆ ತಾಗುವ ಉಡುಪಿಗೆ ಮೆರಿನೊ ಮೊದಲಾದ ಜಾತಿಗಳ ಸುಮಾರು 20 ಮೈಕ್ರಾನು ದಪ್ಪದ ಎಳೆ ಬೇಕು.

ಇನ್ನು ಕೆಲಸದ ಒಳಗುಟ್ಟು. ಎಷ್ಟೇ ಚಿತ್ತಾರದ ಸ್ವೆಟರಾದರೂ ಅದರಲ್ಲಿರುವುದು ಎರಡೇ ಕುಣಿಕೆ. ಹಿಂದಿನಿಂದ ಮುಂದಕ್ಕೆ ಎಳೆದುದು ನಿಟ್. ಮುಂದಿನಿಂದ ಹಿಂದಕ್ಕೆ ತಳ್ಳಿದುದು ಪರ್ಲ್. ಒಂದು ಕಡೆಯಿಂದ ನಿಟ್ ಆಗಿ ಕಂಡುದು ಇನ್ನೊಂದು ಕಡೆಯಿಂದ ಪರ್ಲ್ ಆಗಿ ಕಾಣುವುದು. ಆದುದರಿಂದ ನಿಜವಾಗಿ ಇರುವುದು ಒಂದೇ, ನೋಡುವ ದಿಕ್ಕು ಎರಡು. ಒಂದು ಮುಖವೆಲ್ಲ ನಿಟ್ ಆಗಿ ಹೆಣೆದ ತುಂಡು ಅಂಚುಗಳಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಹೊಸಬರು ಇದನ್ನು ತಮ್ಮ ಕೈಯ ದೋಷವೆಂದು ತಿಳಿದು ಇಸ್ತ್ರಿಪೆಟ್ಟಿಗೆಯನ್ನು ಹುಡುಕುವುದುಂಟು. ದೋಷ ಕೈಯದಲ್ಲ, ಕುಣಿಕೆಯೊಳಗೆ ಬಾಗಿಸಿಟ್ಟ ನೂಲು ನೆಟ್ಟಗಾಗಲು ಹವಣಿಸುವುದರ ಫಲ. ಎರಡು ನಿಟ್ಟಿಗೆ ಎರಡು ಪರ್ಲನ್ನು ಸೇರಿಸುತ್ತ ಹೋದರೆ ಒಂದರ ಸೆಳೆತವನ್ನು ಇನ್ನೊಂದು ತಡೆದು ತುಂಡು ಸಮನಾಗಿ ನಿಲ್ಲುತ್ತದೆ, ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಸ್ವೆಟರಿನ ಸೊಂಟಕ್ಕೂ ಮಣಿಕಟ್ಟಿಗೂ ಕೊರಳಿಗೂ ಆ ಏಣಿನ ಪಟ್ಟಿಯನ್ನಿಡುವುದು ಅಲಂಕಾರಕ್ಕಲ್ಲ, ಇದೇ ಕಾರಣಕ್ಕೆ.

ಬೆಚ್ಚಗಿಡುವುದು ಉಣ್ಣೆಯೆಂದು ನಾವು ಹೇಳುತ್ತೇವೆ; ವಾಸ್ತವವಾಗಿ ಬೆಚ್ಚಗಿಡುವುದು ಗಾಳಿ. ಉಣ್ಣೆಯ ಎಳೆಯು ಸ್ವಭಾವತಃ ಗುಂಗುರು. ಕುಣಿಕೆಗಳ ನಡುವೆಯೂ ಎಳೆಗಳ ನಡುವೆಯೂ ಸಿಕ್ಕಿಕೊಂಡ ಗಾಳಿ ಅಲುಗದೆ ನಿಂತು ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಹತ್ತಿಯೂ ಒಣಗಿರುವಾಗ ಇದನ್ನು ಮಾಡಬಲ್ಲದು. ನೆನೆದರೆ ಮುದುಡಿ ಮೈಗೆ ಅಂಟಿಕೊಳ್ಳುತ್ತದೆ. ಉಣ್ಣೆಯಾದರೋ ತನ್ನ ತೂಕದ ನೂರಕ್ಕೆ ಮೂವತ್ತರಷ್ಟು ತೇವವನ್ನು ಹೀರಿಯೂ ಒದ್ದೆಯೆಂದು ತೋರಗೊಡುವುದಿಲ್ಲ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಮಡಿಕೇರಿಯ ಜಡಿಮಳೆಗೆ ಉಣ್ಣೆ ಒಪ್ಪುವುದು ಇದರಿಂದಲೇ. ಇಂದು ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್. 1950ರ ಸುಮಾರಿಗೆ ಮಾರುಕಟ್ಟೆಗೆ ಬಂದ ಈ ಕೃತಕ ನೂಲು ಕುರಿಯನ್ನು ಕಂಡುದಿಲ್ಲ. ಅದರ ಬೆಲೆ ಅಗ್ಗ, ಬಣ್ಣ ಉಜ್ವಲ, ನುಸಿ ತಿನ್ನುವುದಿಲ್ಲ, ಒಗೆಯುವುದು ಸುಲಭ. ಕಲಿಯುವ ಕೈಗೆ ಅದೇ ಉತ್ತಮವೆಂದು ನಮ್ಮ ಮತ. ಆದರೆ ಹಿಮ ಬೀಳುವ ಊರಿಗೆ ಕಳುಹಿಸುವುದಾದರೆ ಚೀಟಿಯನ್ನು ಓದಿ ಉಣ್ಣೆಯನ್ನೇ ಕೇಳಿ ಕೊಳ್ಳಬೇಕು.

ಚೀಟಿಯನ್ನು ಓದುವುದಕ್ಕೆ ಇನ್ನೊಂದು ಕಾರಣವುಂಟು. ಬಣ್ಣದ ಸಂಖ್ಯೆಯ ಪಕ್ಕದಲ್ಲಿ ಲಾಟ್ ಸಂಖ್ಯೆಯೊಂದು ಅಚ್ಚಾಗಿರುತ್ತದೆ. ಒಂದೇ ಸಲ ಬಣ್ಣಕ್ಕೆ ಅದ್ದಿದ ಉಂಡೆಗಳಿಗೆ ಒಂದೇ ಸಂಖ್ಯೆ. ಪ್ರೌಢನೊಬ್ಬನ ಸ್ವೆಟರಿಗೆ ಸುಮಾರು ಅರ್ಧ ಕಿಲೋ ನೂಲು ಬೇಕು. ಹಣದ ಮುಖ ನೋಡಿ ಒಂದೆರಡು ಉಂಡೆ ಕಡಿಮೆ ತಂದವರು, ಎಡತೋಳು ಮೊಣಕೈಗೆ ಬಂದಾಗ ಅಂಗಡಿಗೆ ಓಡುತ್ತಾರೆ. ಅದೇ ಬಣ್ಣದ ಸಂಖ್ಯೆ, ಬೇರೆ ಲಾಟು. ಅಂಗಡಿಯ ವಿದ್ಯುದ್ದೀಪದಲ್ಲಿ ಭೇದವೇ ತೋರುವುದಿಲ್ಲ. ಹೆಣೆದು ಮುಗಿಸಿ ಅಂಗಳದ ಬಿಸಿಲಿಗೆ ಹಿಡಿದಾಗ, ತೋಳಿನ ಕೆಳಗರ್ಧ ಬೇರೆಯವರ ಅಂಗಿಯಿಂದ ಕತ್ತರಿಸಿ ಹಚ್ಚಿದಂತೆ ಎದ್ದು ಕಾಣುತ್ತದೆ. ಬಲ್ಲವರು ಎರಡು ಉಂಡೆ ಹೆಚ್ಚು ತರುವರು. ಉಳಿದುದು ಕುಲಾವಿಗೆ ಆಗುತ್ತದೆ.

ಕಡ್ಡಿಯ ಸಂಖ್ಯೆಯಲ್ಲಿಯೂ ಒಂದು ಗೊಂದಲವಿದೆ. ನಮ್ಮ ಪೇಟೆಯಲ್ಲಿ ಇಂದಿಗೂ ನಡೆಯುವುದು ಇಂಗ್ಲಿಷರ ಹಳೆಯ ಎಣಿಕೆ. ಅದರಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳ್ಳಗಾಗುತ್ತದೆ. 8ನೆಯ ನಂಬರು 4 ಮಿಲಿಮೀಟರು, 10ನೆಯದು 3.25, 12ನೆಯದು 2.75. ಅಮೆರಿಕದ ಎಣಿಕೆ ಇದಕ್ಕೆ ತೀರ ವಿರುದ್ಧ. ಅಲ್ಲಿ ಸಂಖ್ಯೆ ಏರಿದರೆ ದಪ್ಪ. ಅಲ್ಲಿಂದ ಸೊಸೆ ಕಳುಹಿಸಿದ ನಮೂನೆಯಲ್ಲಿ 8 ಎಂದು ಓದಿ ಇಲ್ಲಿಯ 8ನ್ನು ಹಿಡಿದರೆ, ಆಕೆ ಬಯಸಿದುದು 5 ಮಿಲಿಮೀಟರು, ಅತ್ತೆ ಹಿಡಿದುದು 4. ಅಂಗಿ ಬಿಗಿಯಾದುದಕ್ಕೆ ಆಮೇಲೆ ಇಬ್ಬರೂ ಪರಸ್ಪರ ಲೆಕ್ಕವನ್ನು ಸಂಶಯಿಸುವರು. ಮಿಲಿಮೀಟರಿನಲ್ಲಿ ಕೇಳುವುದೇ ಮನೆಯ ಶಾಂತಿಗೆ ಕ್ಷೇಮ.

ಅಳತೆಯ ವಿಷಯಕ್ಕೆ ಬರೋಣ. ಎಲ್ಲ ಅನರ್ಥಗಳೂ ಇಲ್ಲಿ ಗೂಡು ಕಟ್ಟಿಕೊಂಡಿವೆ. ನಡುದಪ್ಪದ ನೂಲನ್ನು 8ನೆಯ ನಂಬರಿನ ಕಡ್ಡಿಯಲ್ಲಿ ಹೆಣೆದರೆ 10 ಸೆಂಟಿಮೀಟರಿಗೆ ಸಾಮಾನ್ಯವಾಗಿ 22 ಕುಣಿಕೆ, 28 ಸಾಲು. ಎದೆಯ ಸುತ್ತಳತೆ 90 ಸೆಂಟಿಮೀಟರಿದ್ದರೆ ಸಡಿಲಕ್ಕೆಂದು ಹತ್ತು ಸೇರಿಸಿ ನೂರು. ಎಂದರೆ 220 ಕುಣಿಕೆ. ಇದಿಷ್ಟು ಪುಸ್ತಕದ ಲೆಕ್ಕ. ಹೆಣೆಯುವವಳ ಕೈ ಸ್ವಲ್ಪ ಸಡಿಲವಾಗಿದ್ದು ಹತ್ತು ಸೆಂಟಿಮೀಟರಿಗೆ 20 ಕುಣಿಕೆಯೇ ಬಂದರೆ ಅದೇ 220 ಕುಣಿಕೆ 110 ಸೆಂಟಿಮೀಟರಾಗುತ್ತದೆ, ಕೈ ಬಿಗಿಯಾಗಿ 24 ಬಂದರೆ 92ಕ್ಕೂ ಕಡಿಮೆ. ಮೊದಲನೆಯದರಲ್ಲಿ ಮಗನೊಡನೆ ಅವನ ಮಿತ್ರನೂ ಹಿಡಿಸುವನು, ಎರಡನೆಯದರಲ್ಲಿ ಮಗನಿಗೆ ಉಸಿರು ಹಿಡಿಸುವುದು. ಎರಡು ಕುಣಿಕೆಯ ಭೇದದಿಂದ ಇಷ್ಟು! ಆದಕಾರಣ ಅಂಗೈಯಗಲದ ಒಂದು ತುಂಡನ್ನು ಮೊದಲು ಹೆಣೆದು, ತೊಳೆದು, ಒಣಗಿಸಿ, ಅಳೆದು ನೋಡಿದ ಮೇಲೆಯೇ ಅಂಗಿಗೆ ಕೈ ಹಾಕತಕ್ಕದ್ದು. ಹತ್ತರಲ್ಲಿ ಒಂಬತ್ತು ಮಂದಿ ಇದನ್ನು ಮಾಡುವುದಿಲ್ಲ. ತುಂಡು ಹೆಣೆಯುವ ಹೊತ್ತಿಗೆ ಅಂಗಿಯ ನಾಲ್ಕು ಬೆರಳು ಏರುತ್ತಿತ್ತಲ್ಲವೆ ಎಂಬ ಲೋಭ.

ಕೈಯೂ ದಿನದಿನಕ್ಕೆ ಒಂದೇ ತೆರನಾಗಿರುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಬೆವರಿದ ಬೆರಳಿಗೆ ನೂಲು ಅಂಟಿ ಕುಣಿಕೆ ಬಿಗಿಯಾಗುತ್ತದೆ. ಉಕ್ಕಿನ ಕಡ್ಡಿ ಕಡಲಗಾಳಿಗೆ ತುಕ್ಕು ಹಿಡಿದು ಬಿಳಿಯ ನೂಲಿಗೆ ಕಂದುಗೆರೆ ಬರೆಯುತ್ತದೆ. ಇಲ್ಲಿಗೆ ಬಿದಿರಿನ ಕಡ್ಡಿ ಲೇಸು. ಮನಸ್ಸು ಬಿಗಿದಿದ್ದರೆ ನೂಲೂ ಬಿಗಿಯುವುದು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಹೆಣೆದ ನಾಲ್ಕು ಬೆರಳನ್ನು ಉಳಿದ ಭಾಗದಿಂದ ಬೇರ್ಪಡಿಸಿ ತೋರಿಸಬಲ್ಲ ನುರಿತ ಕೈಗಳನ್ನು ನಾವು ಕಂಡಿದ್ದೇವೆ.

ದೂರದಲ್ಲಿರುವವರ ಅಳತೆಯನ್ನು ತಿಳಿಯುವುದು ಹೇಗೆ? ದೂರವಾಣಿಯಲ್ಲಿ ಕೇಳಿದರೆ ಗಂಡುಮಕ್ಕಳು 'ಮೊದಲಿನಷ್ಟೇ' ಎನ್ನುವರು; ಮೊದಲು ಎಂದರೆ ಯಾವಾಗ ಎಂಬುದನ್ನು ಹೇಳುವುದಿಲ್ಲ. ತಾಯಂದಿರ ನೆನಪಿನಲ್ಲಿ ಮಗನು ಊರು ಬಿಟ್ಟ ದಿನದ ಗಾತ್ರದಲ್ಲಿಯೇ ನಿಂತಿರುತ್ತಾನೆ, ಮೊಮ್ಮಗುವಾದರೋ ಕಳೆದ ರಜೆಯಲ್ಲಿ ಕಂಡ ಎತ್ತರದಲ್ಲಿ. ಹೆಣೆಯಲು ಎರಡು ತಿಂಗಳು, ಕಳುಹಿಸಲು ಯಾರಾದರೂ ಹೋಗುವವರೆಗೆ ಮತ್ತೆರಡು. ಮಗು ಅಷ್ಟರಲ್ಲಿ ಬೆಳೆದಿರುತ್ತದೆ. ಆದುದರಿಂದ ಮೈಯ ಅಳತೆಯನ್ನು ಕೇಳುವುದಕ್ಕಿಂತ, ಅವರಿಗೆ ಈಗ ಸರಿಯಾಗಿ ಒಪ್ಪುವ ಒಂದು ಅಂಗಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ ಕಂಕುಳಿನಿಂದ ಕಂಕುಳಿಗೆ, ಹೆಗಲಿನಿಂದ ಅಂಚಿಗೆ, ಕೊರಳಿನ ನಡುವಿನಿಂದ ಮಣಿಕಟ್ಟಿಗೆ ಅಳೆದು ತಿಳಿಸಲು ಹೇಳುವುದು ಮೇಲು. ಮಕ್ಕಳಿಗಾದರೆ ಒಂದು ವರುಷ ಮುಂದಿನ ಅಳತೆ ಹಿಡಿಯಬೇಕು. ಉದ್ದವಾದ ತೋಳನ್ನು ಮಡಿಸಬಹುದು. ಗಿಡ್ಡವಾದುದನ್ನು ಏನು ಮಾಡುವುದು?

ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಝಿಮ್ಮರ್ಮನ್ (1910–1999) ಎಂಬಾಕೆ ಈ ಕಷ್ಟಕ್ಕೆ ಒಂದು ಸುಲಭದ ಸೂತ್ರವನ್ನು ಬಳಕೆಗೆ ತಂದಳು. ಎದೆಯ ಕುಣಿಕೆಗಳನ್ನು ನೂರು ಎಂದಿಟ್ಟುಕೊಂಡರೆ ಮಣಿಕಟ್ಟಿಗೆ 20, ತೋಳಿನ ಮೇಲ್ಭಾಗಕ್ಕೆ 33ರಿಂದ 35, ಕೊರಳಿಗೆ 40. ನಮ್ಮ 220 ಕುಣಿಕೆಯ ಅಂಗಿಗೆ ಮಣಿಕಟ್ಟು 44, ತೋಳು ಸುಮಾರು 74, ಕೊರಳು 88. ಮನುಷ್ಯರ ದೇಹಗಳು ತಮ್ಮ ಭೇದಗಳನ್ನೆಲ್ಲ ಇಟ್ಟುಕೊಂಡೂ ಈ ಪ್ರಮಾಣಕ್ಕೆ ಬಹುಮಟ್ಟಿಗೆ ವಿಧೇಯವಾಗಿರುವುದು ಆಶ್ಚರ್ಯ. ಒಂದು ಅಳತೆ ಸರಿಯಾಗಿ ದೊರೆತರೆ ಮಿಕ್ಕುದನ್ನು ಗುಣಾಕಾರದಿಂದ ಪಡೆಯಬಹುದೆಂಬುದು ದೂರದವರಿಗಾಗಿ ಹೆಣೆಯುವವರಿಗೆ ಸಣ್ಣ ಉಪಕಾರವಲ್ಲ.

ಲೆಕ್ಕ ಸರಿಯಿದ್ದೂ ಒದಗುವ ವಿಪತ್ತುಗಳು ಬೇರೆ ಇವೆ. ಮುಂಭಾಗ ತೆರೆದಿರುವ ಕಾರ್ಡಿಗನ್ನಿಗೆ ಎಡಕ್ಕೊಂದು ಬಲಕ್ಕೊಂದು ಹೋಳು ಬೇಕಷ್ಟೆ. ಎರಡನ್ನೂ ಎಡಕ್ಕೇ ಹೆಣೆದಿಟ್ಟು, ಹೊಲಿಯಲು ಕುಳಿತಾಗ ಕಣ್ಣು ಬಿಡುವವರು ಅನೇಕರು. ಕೊರಳ ಪಟ್ಟಿಯ ಕೊನೆಯ ಸಾಲನ್ನು ಬಿಗಿಯಾಗಿ ಮುಚ್ಚಿಬಿಟ್ಟರೆ, ಕುತ್ತಿಗೆಗೆ ಸರಿಯಾದ ಅಂಗಿ ತಲೆಯ ಮೇಲಿನಿಂದ ಇಳಿಯುವುದೇ ಇಲ್ಲ. ತಲೆಯು ಕುತ್ತಿಗೆಗಿಂತ ದೊಡ್ಡದೆಂಬುದು ಹೆಣೆಯುವವರಿಗೆ ಮರೆತುಹೋಗುವ ಸತ್ಯಗಳಲ್ಲಿ ಮುಖ್ಯವಾದುದು. ದಪ್ಪ ಕಡ್ಡಿಗೆ ಬದಲಾಯಿಸಿ ಕೊನೆಯ ಸಾಲನ್ನು ಮುಚ್ಚಿದರೆ ಈ ಪೇಚು ತಪ್ಪುವುದು. ಜಾರಿಹೋದ ಕುಣಿಕೆ ಏಣಿಯಂತೆ ಸಾಲುಸಾಲಾಗಿ ಕೆಳಗಿಳಿಯುವುದನ್ನು ಕಂಡು ಕೂಗಿಕೊಳ್ಳಬೇಕಾದುದಿಲ್ಲ: ಕ್ರೋಶೆಯ ಕೊಕ್ಕೆಯನ್ನು ಅದರೊಳಗೆ ತೂರಿಸಿ, ಏಣಿಯ ಒಂದೊಂದೇ ಮೆಟ್ಟಿಲನ್ನು ಎಳೆದುಕೊಳ್ಳುತ್ತ ಮೇಲಕ್ಕೆ ಬಂದರೆ ಗಾಯದ ಗುರುತೂ ಉಳಿಯದು.

ಮೇಲಿನ ಅಂಗಿಯಲ್ಲಿ ಒಟ್ಟು ಐವತ್ತು ಸಾವಿರದಷ್ಟು ಕುಣಿಕೆಗಳಿವೆ. ನಿಮಿಷಕ್ಕೆ 25ರಂತೆ ಹೆಣೆದರೂ 2,000 ನಿಮಿಷ, ಎಂದರೆ 33 ಗಂಟೆಗಳಿಗೂ ಮಿಕ್ಕು. ದಿನಕ್ಕೊಂದು ಗಂಟೆಯಾದರೆ ತಿಂಗಳು ದಾಟುವುದು. ಈಗ ಕಡ್ಡಿಯ ಮೇಲಿರುವ ಕೆಲಸದಲ್ಲಿ, ಇಪ್ಪತ್ತು ಸಾಲು ಕೆಳಗೆ, ಬಿಚ್ಚದೆ ಸರಿಪಡಿಸಲಾಗದ ಒಂದು ತಪ್ಪು ಕಂಡಿತೆನ್ನಿ. ಬಿಚ್ಚಬೇಕೆ, ಬಿಡಬೇಕೆ? ಇದು ಸಣ್ಣ ಪ್ರಶ್ನೆಯಂತೆ ತೋರುವುದು. ಆದರೆ ಇದರಿಂದಾಗಿ ಅರ್ಧಕ್ಕೇ ನಿಂತು ಪೆಟ್ಟಿಗೆಯ ತಳ ಸೇರಿದ ಸ್ವೆಟರುಗಳು ಊರಿನಲ್ಲಿ ಎಷ್ಟೋ ಇವೆ. ಮನೆಯವರು ಯಾರಿಗೆ ಕಾಣುತ್ತದೆ ಎನ್ನುವರು. ತೊಡುವವನಿಗೆ ಕಾಣದಿರಬಹುದು, ಹೆಣೆದವಳಿಗೆ ಬೇರೆ ಏನೂ ಕಾಣುವುದಿಲ್ಲ. ನಮ್ಮ ಅಭಿಪ್ರಾಯ ಇದು: ಚಿತ್ತಾರದ ತಪ್ಪಾದರೆ ಬಿಡಬಹುದು, ಅಳತೆಯ ತಪ್ಪಾದರೆ ಬಿಚ್ಚಲೇಬೇಕು. ಗಿಡ್ಡ ತೋಳಿನ ಅಂಗಿಯನ್ನು ಮಗನು ತಾಯಿಯ ಮುಖ ನೋಡಿ ಚೆನ್ನಾಗಿದೆ ಎನ್ನುವನು, ಭಾವಚಿತ್ರಕ್ಕಾಗಿ ಒಮ್ಮೆ ತೊಡುವನು, ಆಮೇಲೆ ಅದು ಬೀರುವಿನಲ್ಲಿರುವುದು. ತಾಯಿ ಅದನ್ನು ಮುಂದಿನ ಭಾವಚಿತ್ರಗಳಲ್ಲಿ ಹುಡುಕುವಳು, ಕಾಣದಿದ್ದರೂ ಕೇಳುವುದಿಲ್ಲ. ಈ ಮೌನಕ್ಕಿಂತ ಇಪ್ಪತ್ತು ಸಾಲನ್ನು ಬಿಚ್ಚುವುದು ಹಗುರ.

ಗಂಟಿಲ್ಲದ ಕೆಲಸದ ಪ್ರಯೋಜನವೆಂದು ಮೊದಲು ಹೇಳಿದುದು ಇಲ್ಲಿಯೇ. ಕತ್ತರಿಸಿ ಹೊಲಿದ ಬಟ್ಟೆ ಕೆಟ್ಟರೆ ಕೆಟ್ಟಂತೆಯೇ. ಹೆಣೆದುದು ಪೂರ್ತಿ ಹಿಂದಿರುಗುತ್ತದೆ. ಬಿಚ್ಚಿದ ನೂಲು ಗುಂಗುರಾಗಿರುವುದು. ಅದನ್ನು ಹಾಗೆಯೇ ಹೆಣೆದರೆ ಕುಣಿಕೆಗಳು ಡೊಂಕಾಗುವುವು. ಎರಡು ಕುರ್ಚಿಗಳ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ಹಿಂಡದೆ ಒಣಗಿಸಿದರೆ ನೂಲು ನೆಟ್ಟಗಾಗುತ್ತದೆ. ಆಮೇಲೆ ಮನೆಯ ಮಗುವೊಂದು ಎರಡು ಕೈಗಳನ್ನೂ ಮುಂದೆ ಚಾಚಿ ಲಡಿಯನ್ನು ಹಿಡಿದಿರಲು ಅಜ್ಜಿ ಉಂಡೆ ಸುತ್ತುವಳು. ಮಗುವಿಗೆ ಹತ್ತು ನಿಮಿಷ ಅಲುಗದೆ ನಿಲ್ಲುವ ಶಿಕ್ಷೆ. ಅಜ್ಜಿಗೆ ಕಥೆ ಹೇಳಲು ತಪ್ಪಿಸಿಕೊಳ್ಳಲಾಗದ ಶ್ರೋತೃ. ಅಣ್ಣನ ಸ್ವೆಟರು ಬಿಚ್ಚಿ ತಂಗಿಯದಾಗಿ, ಅದನ್ನು ಬಿಚ್ಚಿ ಕೂಸಿನ ಕಾಲುಚೀಲವಾಗಿ, ಒಂದೇ ನೂಲು ಮೂರು ಮೈಗಳನ್ನು ಬೆಚ್ಚಗಿಟ್ಟುದನ್ನು ಹಲವು ಮನೆಗಳು ಬಲ್ಲವು.

ಹಸುಗೂಸಿನ ಕುಲಾವಿ ಕಾಲುಚೀಲಗಳು ಮಾತ್ರ ಇದೇ ಊರಿನಲ್ಲಿ ಹುಟ್ಟಿ ಇದೇ ಊರಿನಲ್ಲಿ ಬಳಕೆಯಾಗುವಂಥವು. ಆಷಾಢದ ಮಳೆಯಲ್ಲಿ ಹುಟ್ಟಿದ ಕೂಸಿಗೆ, ಅದರಲ್ಲಿಯೂ ದಿನ ತುಂಬದೆ ಹುಟ್ಟಿದುದಕ್ಕೆ, ತಲೆ ಬೆಚ್ಚಗಿರಬೇಕೆಂಬುದನ್ನು ವೈದ್ಯರೂ ಒಪ್ಪುವರು. ಕೂಸಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಬಿಸಿ ಅಲ್ಲಿಂದ ಬಹುವಾಗಿ ಹೊರಡುವುದು. ಆದರೆ ಮೂರು ಎಚ್ಚರಿಕೆಗಳನ್ನು ಇಲ್ಲಿ ಬಿಡುವಂತಿಲ್ಲ. ಬೆಳೆದು ಪುಷ್ಟವಾದ ಕೂಸಿಗೆ ನಮ್ಮ ಸೆಕೆಯಲ್ಲಿ, ಮಲಗಿರುವಾಗ, ಕುಲಾವಿ ಬೇಡ. ಮೈ ಮಿತಿಮೀರಿ ಕಾಯುವುದೂ ಅಪಾಯವೇ. ಕೊರಳಿಗೆ ಕಟ್ಟುವ ಉದ್ದನೆಯ ದಾರ ಬೇಡ. ಇನ್ನು ಕಾಲುಚೀಲದ ಒಳಮೈಯನ್ನು ತಿರುವಿ ನೋಡಿ ಸಡಿಲವಾದ ನೂಲಿನ ತುದಿಗಳನ್ನೆಲ್ಲ ಹೊಲಿದು ಕತ್ತರಿಸಬೇಕು. ಅಂತಹ ಒಂದು ಎಳೆ ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತದ ಓಟವನ್ನೇ ತಡೆಯಬಲ್ಲದು. ಕಾರಣ ತೋರದೆ ಅಳುವ ಕೂಸಿನ ಚೀಲ ಬಿಚ್ಚಿ ಬೆರಳುಗಳನ್ನು ನೋಡಬೇಕೆಂದು ವೈದ್ಯರು ಹೇಳುವುದು ಇದರಿಂದಲೇ. ಬಚ್ಚಲ ಒಲೆಯ ಬಳಿ ಮೀಯಿಸುವ ಮನೆಗಳಲ್ಲಿ ಅಕ್ರಿಲಿಕ್ಕಿಗಿಂತ ಉಣ್ಣೆ ಅಥವಾ ಹತ್ತಿಯೇ ವಾಸಿ. ಅಕ್ರಿಲಿಕ್ ಬೆಂಕಿ ತಗಲಿದರೆ ಕರಗಿ ಮೈಗೆ ಅಂಟುವುದು, ಉಣ್ಣೆಯು ಬೇಗನೆ ಹತ್ತಿಕೊಳ್ಳುವುದಿಲ್ಲ.

ತೊಳೆಯುವುದರಲ್ಲಿ ಸ್ವೆಟರುಗಳ ಎರಡನೆಯ ಮರಣವಿದೆ. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂತಹ ಸೂಕ್ಷ್ಮ ಹೊರೆಗಳಿವೆ. ಬಿಸಿನೀರು, ಸಾಬೂನು, ಉಜ್ಜಾಟ ಇವು ಸೇರಿದರೆ ಆ ಹೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಬಿಡುವುದಿಲ್ಲ; ತಂದೆಯ ಅಂಗಿ ಮಗನಿಗೆ ಆಗುವಷ್ಟು ಕುಗ್ಗಿ ಹಲಗೆಯಂತಾಗುತ್ತದೆ. ಕಲ್ಲಿಗೆ ಒಗೆಯುವ ನಮ್ಮ ಪದ್ಧತಿ ಇದಕ್ಕೆ ಸಲ್ಲದು. ತಣ್ಣೀರಿನಲ್ಲಿ ಅದ್ದಿ, ಒತ್ತಿ ತೆಗೆದು, ಹಗ್ಗಕ್ಕೆ ತೂಗಹಾಕದೆ, ಚಾಪೆಯ ಮೇಲೆ ಬಟ್ಟೆ ಹಾಸಿ ನೆರಳಿನಲ್ಲಿ ಹರವಬೇಕು. ಅಕ್ರಿಲಿಕ್ಕಿಗೆ ಈ ಭಯವಿಲ್ಲ, ಆದರೆ ಅದಕ್ಕೆ ಬಿಸಿ ಇಸ್ತ್ರಿ ತಾಗಿಸಿದರೆ ಏಣುಗಳೆಲ್ಲ ಸತ್ತು ಜೋಲುವುವು. ಜೂನಿನಿಂದ ಸೆಪ್ಟೆಂಬರಿನ ವರೆಗೆ ಮಂಗಳೂರಿನಲ್ಲಿ ಉಣ್ಣೆಯನ್ನು ತೊಳೆಯುವುದೇ ಬೇಡ. ಒಣಗುವುದಕ್ಕೆ ಮೊದಲು ಬೂಷ್ಟು ಹಿಡಿಯುವುದು. ನುಸಿಯ ವಿಚಾರದಲ್ಲಿ, ಹಾರಾಡುವ ಚಿಕ್ಕ ಪತಂಗವು ಏನನ್ನೂ ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳು, ಅದರಲ್ಲಿಯೂ ಬೆವರು ಎಣ್ಣೆಗಳ ಕಲೆಯುಳ್ಳ ಭಾಗವನ್ನು. ಕೊಳೆಯಾದುದನ್ನು ಮಡಿಸಿಟ್ಟು ನುಸಿಗುಳಿಗೆ ಹಾಕುವುದಕ್ಕಿಂತ, ಮಳೆ ಹಿಡಿಯುವ ಮುಂಚೆ ತೊಳೆದು ಒಣಗಿಸಿ ಬಿಗಿಯಾದ ಚೀಲದಲ್ಲಿ ಕಟ್ಟಿಡುವುದು ಸರಿಯಾದ ಉಪಾಯ. ಸಂಶಯವಿದ್ದರೆ ಆ ಚೀಲವನ್ನು ಶೀತಪೆಟ್ಟಿಗೆಯ ಹಿಮದ ಖಾನೆಯಲ್ಲಿ ಕೆಲವು ದಿನ ಇಟ್ಟರೆ ಹುಳುಗಳು ಸಾಯುವುವು.

ಇಷ್ಟೆಲ್ಲ ಏಕೆ, ಪೇಟೆಯಲ್ಲಿ ದೊರೆಯುವುದಿಲ್ಲವೆ ಎಂದು ಕೇಳಬಹುದು. ದೊರೆಯುತ್ತದೆ. ಲೂಧಿಯಾನದ ಯಂತ್ರಗಳು ದೇಶಕ್ಕೆಲ್ಲ ಸಾಲುವಷ್ಟು ಹೆಣೆಯುತ್ತವೆ. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿದ ಟಿಬೆಟ್ಟಿನ ಜನರು ಚಳಿಗಾಲದಲ್ಲಿ ಊರೂರಿನ ಬೀದಿಬದಿಗೆ ಸ್ವೆಟರುಗಳನ್ನು ತಂದಿಡುವುದನ್ನು ಬೆಂಗಳೂರು ಮೈಸೂರಿನವರು ಬಲ್ಲರು. ಒಳ್ಳೆಯ ಉಣ್ಣೆಯ ನೂಲನ್ನು ಕೊಳ್ಳುವ ಹಣಕ್ಕೆ ಅಂತಹ ಸಿದ್ಧ ಸ್ವೆಟರು ಒಂದಕ್ಕಿಂತ ಹೆಚ್ಚು ಬಂದಾವು. 33 ಗಂಟೆಯ ಕೂಲಿಯನ್ನು ಎಣಿಸಹೊರಟರಂತೂ ಮಾತೇ ಬೇಡ. ಮಿತವ್ಯಯಕ್ಕಾಗಿ ಹೆಣೆಯಿರೆಂದು ಯಾರಾದರೂ ಬೋಧಿಸಿದರೆ ನಂಬಬೇಡಿ. ಹೆಣೆಯುವವರು ಹೆಣೆಯುವುದು, ಒಮ್ಮೆ ಅಭ್ಯಾಸವಾದ ಮೇಲೆ ಕೈಗಳು ತಮ್ಮಷ್ಟಕ್ಕೆ ಕೆಲಸಮಾಡಿ ಕಿವಿಗಳನ್ನೂ ಬುದ್ಧಿಯನ್ನೂ ಬಿಟ್ಟುಕೊಡುವುದರಿಂದ. ಬಾನುಲಿಯನ್ನು ಕೇಳುತ್ತ ಓದಲಾಗದು, ಬರೆಯಲಾಗದು, ಹೆಣೆಯಬಹುದು. ಸಂಜೆಗೆ ಸಂಗೀತ ಮುಗಿಯುವಷ್ಟರಲ್ಲಿ ಎರಡು ಬೆರಳು ಏರಿರುವುದನ್ನು ಕಣ್ಣಾರೆ ಕಾಣಬಹುದು. ಮನೆಗೆಲಸಗಳಲ್ಲಿ ಹೀಗೆ ಮಾಡಿದುದು ಮರುದಿನಕ್ಕೆ ಉಳಿಯುವಂಥವು ಎಷ್ಟಿವೆ? ಪಾತ್ರೆ ಬೆಳಗಿದುದು ರಾತ್ರಿಗೆ ಮತ್ತೆ ಮಾಸುವುದು, ಗುಡಿಸಿದ ಅಂಗಳಕ್ಕೆ ಮಾವಿನೆಲೆ ಬೀಳುವುದು. ಹೆಣೆದ ಸಾಲು ಹೆಣೆದಲ್ಲಿಯೇ ಇರುವುದು.

ಕಳುಹಿಸುವ ಸಮಯದಲ್ಲಿ ಮಾಡಬೇಕಾದ ಒಂದು ಚಿಕ್ಕ ಕೆಲಸವನ್ನು ಹೇಳಿ ಮುಗಿಸುತ್ತೇವೆ. ಸ್ವೆಟರು ಮೊದಲು ಸವೆಯುವುದು ಮೊಣಕೈಯಲ್ಲಿ, ಮಣಿಕಟ್ಟಿನ ಅಂಚಿನಲ್ಲಿ. ಆ ವೇಳೆಗೆ ಅದೇ ಲಾಟಿನ ನೂಲು ಅಂಗಡಿಯಲ್ಲಿರುವುದಿಲ್ಲ, ದೂರದ ಊರಿನಲ್ಲಂತೂ ಇರುವುದೇ ಇಲ್ಲ. ಆದುದರಿಂದ ಉಳಿದ ಉಂಡೆಯಿಂದ ಹತ್ತು ಹನ್ನೆರಡು ಮಾರು ನೂಲನ್ನು ಒಂದು ತುಂಡು ಕಾಗದಕ್ಕೆ ಸುತ್ತಿ, ಕಾಗದದ ಮೇಲೆ ಕಡ್ಡಿಯ ಅಳತೆಯನ್ನು ಮಿಲಿಮೀಟರಿನಲ್ಲಿಯೂ ಕುಣಿಕೆಯ ಲೆಕ್ಕವನ್ನೂ ಬರೆದು, ಮಡಿಸಿದ ಅಂಗಿಯ ಎಡತೋಳಿನೊಳಗೆ ಇಟ್ಟು ಕಟ್ಟು ಕಟ್ಟಬೇಕು. ಅಲ್ಲಿ ಹೆಣೆಯಬಲ್ಲವರು ಯಾರೂ ಇಲ್ಲದಿದ್ದರೆ, ರಜೆಗೆ ಬರುವಾಗ ಸ್ವೆಟರನ್ನೂ ಆ ನೂಲನ್ನೂ ಜೊತೆಗೆ ತರಲು ಹೇಳಿದರಾಯಿತು.